ಸುಡದೇ ಉಳಿದ ಜೂದಾಸ

ನನ್ನ ಓರಗಿತ್ತಿ ಡೊಮಿತಿಲಾ ಹುಟ್ಟಾ ಅಂಜುಬುರುಕಿ. ಮೆಟ್ರೊ ನಿಲ್ದಾಣದ ಓಡುವ ಮೆಟ್ಟಿಲು ಕಂಡರೆ ನನ್ನ ತೋಳಿಗೆ ಉಗುರು ನಾಟುವಂತೆ ಹಿಡಿದುಕೊಳ್ಳುತ್ತಿದ್ದಳು. ಗ್ಯಾಸಿನವನು ಸಿಲಿಂಡರನ್ನು ನೆಲಕ್ಕೆ ಕುಕ್ಕಿದರೆ ಒಳಕೋಣೆಯಿಂದ "ಗ್ವಾದಲೂಪೆ ತಾಯೀ!" ಎಂದು ಮೇರಿಮಾತೆಯನ್ನು ಕರೆಯುವ ಕೂಗು ಕೇಳುತ್ತಿತ್ತು. ಇಂಥವಳು ಬದುಕು ಸಾಗಿಸಿದ್ದು ಸಿಡಿದು ಚೂರಾಗುವ ಗೊಂಬೆಗಳನ್ನು ಮಾಡಿಕೊಂಡು.

ಈಸ್ಟರ್‌ಗೆ ಮುಂಚಿನ ಶನಿವಾರ ಮೆಕ್ಸಿಕೊ ನಗರದ ನಮ್ಮ ಮೆರ್ಸೆದ್ ಬಡಾವಣೆಯ ಓಣಿಗಳಲ್ಲಿ ಈ ಮಾಳಿಗೆಯಿಂದ ಆ ಮಾಳಿಗೆಗೆ ಹಗ್ಗ ಕಟ್ಟಿ ಜೂದಾಸರನ್ನು ತೂಗುಹಾಕುತ್ತೇವೆ. ಏಸುವನ್ನು ಹಿಡಿದುಕೊಟ್ಟವನ ಹೆಸರು ಅದು; ಗೊಂಬೆಯ ರೂಪ ಮಾತ್ರ ಕೆಂಪು ಮೈ, ಕೊಂಬು, ಮೀಸೆಯ ಪಿಶಾಚಿಯದು. ಸೊಂಟಕ್ಕೆ ಪಟಾಕಿ ಸರ ಸುತ್ತಿ ಬೆಂಕಿ ಕೊಟ್ಟರೆ ಗಿರಗಿರನೆ ತಿರುಗಿ, ಕೈಕಾಲು ಹಾರಿ, ಕಡೆಗೆ ತಲೆ ಸಿಡಿಯುತ್ತದೆ. ಮಕ್ಕಳು ಕಿರುಚಾಡುತ್ತ ಚೂರು ಆಯುತ್ತಾರೆ. ಆ ಹೊತ್ತಿಗೆ ಡೊಮಿತಿಲಾ ಅಡುಗೆಮನೆ ಸೇರಿ ಕಿವಿಗೆ ಹತ್ತಿ ತುರುಕಿಕೊಂಡು ಕೂತಿರುತ್ತಿದ್ದಳು. ತಾನು ಮಾಡಿದ ಒಂದು ಜೂದಾಸನೂ ಸಿಡಿದದ್ದನ್ನು ಅವಳು ಕಣ್ಣಾರೆ ಕಂಡಿರಲಿಲ್ಲ.

ಅವಳ ಗಂಡ ಫಿಲೆಮೋನ್ ಜೊಂಡಿನ ಸೀಳುಗಳನ್ನು ಬಗ್ಗಿಸಿ ಗೊಂಬೆಯ ಎಲುಬುಗೂಡು ಕಟ್ಟುತ್ತಿದ್ದ. ಅವಳು ಹಳೇ ಪೇಪರಿಗೆ ಮೈದಾ ಅಂಟು ಬಳಿದು ಮೈ ತುಂಬಿಸಿ ಬಣ್ಣ ಹಚ್ಚುತ್ತಿದ್ದಳು. ಫಿಲೆಮೋನನ ತಮ್ಮನೇ ನನ್ನ ಗಂಡ, ಮಿನಿಬಸ್ ಓಡಿಸುತ್ತಾನೆ. ನಮ್ಮದು ಒಂದೇ ವಠಾರ, ಎದುರುಬದುರು ಬಾಗಿಲು. ಅವರ ಮನೆಯ ಮುಂಭಾಗದ ಕೋಣೆಯೇ ಅಂಗಡಿ. ಅದಕ್ಕೊಂದು ಕಬ್ಬಿಣದ ಷಟರ್.

ಪ್ರತಿ ಶುಕ್ರವಾರ ಚಾತೋ ಬರುತ್ತಿದ್ದ. ಚಾತೋ ಎಂದರೆ ಚಪ್ಪಟೆ ಮೂಗಿನವನು. ನಿಜವಾದ ಹೆಸರು ನಮಗೆ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಓಣಿಯ ಪ್ರತಿ ಅಂಗಡಿಯೂ ಅವನಿಗೆ ವಾರದ ಕಾಣಿಕೆ ಕೊಡಬೇಕು. ಕೊಟ್ಟರೆ ಅಂಗಡಿ ಇರುತ್ತದೆ. ಕಂದು ಚರ್ಮದ ಜಾಕೀಟು, ಎಡಗಡೆ ಸೀಳಿದ ಹುಬ್ಬು, ನಕ್ಕರೆ ಮಿಂಚುವ ಒಂದು ಬಂಗಾರದ ಹಲ್ಲು. ಅವನು ನಗುತ್ತಲೇ ಇರುತ್ತಿದ್ದ. ಹಿರಿಯರನ್ನು ಮರ್ಯಾದೆಯಿಂದಲೇ ಮಾತಾಡಿಸುತ್ತಿದ್ದ. ಅದೇ ನಮಗೆ ಹೆಚ್ಚು ಹೆದರಿಕೆ.

ಆ ವರ್ಷ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಒಂದು ಶುಕ್ರವಾರ ಫಿಲೆಮೋನ್, "ಮುಂದಿನ ವಾರ ಕೊಡ್ತೀನಪ್ಪ, ಇನ್ನೂ ಒಂದು ಗೊಂಬೆನೂ ಹೋಗಿಲ್ಲ" ಎಂದ.

"ಆಗ್ಲಿ ಯಜಮಾನ್ರೇ, ಅದಕ್ಕೇನಂತೆ" ಎಂದ ಚಾತೋ. ಫಿಲೆಮೋನನ ಬಲಗೈಯನ್ನು ಕುಲುಕುವವನಂತೆ ಹಿಡಿದುಕೊಂಡು, ಕೆಳಕ್ಕೆ ಜಗ್ಗಿ ಹೊಸ್ತಿಲಿನ ಮೇಲಿಟ್ಟು, ಇನ್ನೊಂದು ಕೈಯಿಂದ ಷಟರ್ ಎಳೆದುಬಿಟ್ಟ.

ಎರಡು ಬೆರಳು ಹೋದವು. ಹೋದವು ಎಂದರೆ ಕೈಯಲ್ಲೇ ಇವೆ, ಮಡಚಲು ಬರುವುದಿಲ್ಲ. ಪೊಲೀಸರ ಹತ್ತಿರ ಹೋಗುವ ಮಾತನ್ನು ಯಾರೂ ಎತ್ತಲಿಲ್ಲ. ಡೊಮಿತಿಲಾ ಅಳಲೂ ಇಲ್ಲ. ಗಂಡ ಮೊದಲೇ ಕಟ್ಟಿಟ್ಟಿದ್ದ ಒಂದು ದೊಡ್ಡ ಎಲುಬುಗೂಡನ್ನು ಹಿತ್ತಿಲ ಕೋಣೆಗೆ ಎಳೆದುಕೊಂಡು ಹೋಗಿ ಕೆಲಸಕ್ಕೆ ಕೂತಳು. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ. ಒಂದು ದಿನ ನಾನೇ ಬಟ್ಟಲಲ್ಲಿ ಕಾಳಿನ ಸಾರು ಹಿಡಿದು ಒಳಗೆ ಹೋದೆ. ಬಟ್ಟಲು ಕೈಜಾರುವುದೊಂದು ಬಾಕಿ.

ಕೊಂಬಿತ್ತು, ಬಾಲವಿತ್ತು, ಮೈ ಕೆಂಪಿತ್ತು. ಆದರೆ ಮೂಗು ಚಪ್ಪಟೆ. ಎಡಹುಬ್ಬು ಸೀಳಿತ್ತು. ಕೆಂಪು ಮೈಯ ಮೇಲೆ ಕಂದು ಬಣ್ಣದ ಜಾಕೀಟು ಬರೆದಿದ್ದಳು. ತೆರೆದ ಬಾಯೊಳಗೆ ಚಾಕೊಲೇಟಿನ ಹೊಳೆಯುವ ಕಾಗದ ಮೆತ್ತಿ ಒಂದು ಹಲ್ಲು ಮಾಡಿದ್ದಳು.

"ಅಕ್ಕಾ, ಇದು ಅವನೇ ಅಲ್ವಾ?"

"ಯಾರೇ? ಪಿಶಾಚಿ ಕಣೇ ಇದು. ಕೊಂಬು ಕಾಣ್ಸಲ್ವಾ ನಿಂಗೆ?"

"ಯಾರಾದ್ರೂ ನೋಡಿದ್ರೆ ನಮ್ಮನ್ನೆಲ್ಲಾ ಕೊಂದ್ಹಾಕ್ತಾರೆ."

"ಯಾರ್ ನೋಡ್ತಾರೆ? ಶನಿವಾರ ಬಾಗ್ಲು ಹಾಕ್ಕೊಂಡು ನಮ್ಮ ಹಿತ್ತಲಲ್ಲೇ ಸುಡ್ತೀನಿ. ಅವನು ಆ ವಾರ ಹೇಗೂ ವೆರಾಕ್ರೂಸಿಗೆ ಸಮುದ್ರ ನೋಡೋಕೆ ಹೋಗಿರ್ತಾನೆ. ಈ ಸಲ ಕಿವಿಗೆ ಹತ್ತಿನೂ ಇಟ್ಕೊಳಲ್ಲ ಇರ್ಮಾ. ಕಣ್ಬಿಟ್ಕೊಂಡು ನೋಡ್ತೀನಿ."

ಹಾಗೆಂದು ಅದರ ಮೇಲೊಂದು ದುಪ್ಪಟಿ ಹೊದಿಸಿದಳು. ಗಂಡನಿಗೂ ತೋರಿಸಲಿಲ್ಲ. ಅವನು ಮಾತ್ರೆ ನುಂಗಿ ಮಲಗಿಯೇ ಇರುತ್ತಿದ್ದ.

ಶುಭ ಶುಕ್ರವಾರ ನಾವಿಬ್ಬರೂ ಶಿಲುಬೆ ಮೆರವಣಿಗೆಗೆ ಹೋಗಿದ್ದೆವು. ತಿರುಗಿ ಬಂದಾಗ ಹಿತ್ತಿಲ ಕೋಣೆಯಲ್ಲಿ ದುಪ್ಪಟಿ ಮಾತ್ರ ಬಿದ್ದಿತ್ತು. ಡೊಮಿತಿಲಾ ಗೋಡೆಗೆ ಒರಗಿದಳು.

ಫಿಲೆಮೋನ್ ಕಟ್ಟುಹಾಕಿದ ಕೈಯನ್ನು ಎದೆಗೆ ಆನಿಸಿಕೊಂಡು ಕೂತಿದ್ದ. ಬಹಳ ದಿನಗಳ ಮೇಲೆ ಅವನ ಮುಖದಲ್ಲಿ ಒಂದು ಕಳೆ ಕಂಡಿತು. "ಕೊಯೊಆಕಾನ್ ಕಡೆಯಿಂದ ಮ್ಯೂಸಿಯಂ ಮೇಡಂ ಬಂದಿದ್ರು ಡೋಮಿ. ಓಣಿ ತುಂಬಾ ಗೊಂಬೆ ನೋಡ್ಕೊಂಡು ಬಂದ್ರು. ದುಪ್ಪಟಿ ಎತ್ತಿದೋರೇ ಚಪ್ಪಾಳೆ ಹೊಡೆದ್ರು ಕಣೇ! ಇಂಥದ್ದು ಎಲ್ಲೂ ನೋಡಿಲ್ಲ ಅಂದ್ರು. ತಗೊಂಡೋಗಿ ಅಂದೆ. ಹೆಸ್ರು ಕೇಳಿದ್ರು, ನಿಂದೇ ಹೇಳ್ದೆ. ನಲವತ್ತು ವರ್ಷದಿಂದ ನಾ ಕಟ್ಟಿದ್ದೆಲ್ಲಾ ಶನಿವಾರ ಮಧ್ಯಾಹ್ನದ ಹೊತ್ತಿಗೆ ಬೂದಿ. ಒಂದಾದ್ರೂ ಉಳೀಲಿ ಅಂತ."

"ಅದರ ಮುಖ ನೋಡಿದ್ಯಾ?"

"ಎಲ್ಲಿ ನೋಡ್ಲಿ? ಮಾತ್ರೆ ಮಬ್ಬು. ಯಾಕೆ, ಬಣ್ಣ ಹಸಿ ಇತ್ತಾ?"

ಡೊಮಿತಿಲಾ ಒಳಗೆ ಹೋದಳು. ಮುರಿದ ಕೈಯವನಿಗೆ ಏನೆಂದು ಹೇಳುವುದು. ಮಾರನೆಯ ದಿನ ಓಣಿಯಲ್ಲಿ ಒಂದೊಂದೇ ಜೂದಾಸ ಸಿಡಿಯುವಾಗ ಅವಳು ಹಾಸಿಗೆಯಲ್ಲಿ ಮುಸುಕು ಹೊದ್ದು ಮಲಗಿದ್ದಳು. ಪ್ರತಿ ಸದ್ದಿಗೂ ಮುಸುಕು ಅದುರುತ್ತಿತ್ತು.

ಆಮೇಲಿನ ಶುಕ್ರವಾರ ಚಾತೋ ಬಂದ, ಕಾಣಿಕೆ ತೆಗೆದುಕೊಂಡ, ಬಿಸಿಲಿಗೆ ಸುಟ್ಟ ಮೂಗನ್ನು ತುರಿಸಿಕೊಳ್ಳುತ್ತ ಹೋದ. ಅವನಿಗೆ ಏನೂ ಗೊತ್ತಿರಲಿಲ್ಲ.

"ಮೇಡಂಗೆ ಹೇಳಿ ವಾಪಸ್ ತರೋಣ" ಎಂದೆ.

"ಏನಂತ ಹೇಳ್ಲಿ? ಇಂಥೋನ ಮುಖ ಅಂತ ಹೇಳಿದ್ರೆ ಅದನ್ನೂ ಒಂದು ಚೀಟಿ ಬರೆದು ಪಕ್ಕದಲ್ಲಿ ಅಂಟಿಸ್ತಾರೆ ಅಷ್ಟೇ."

ಭಾನುವಾರ ಸಂಗ್ರಹಾಲಯಗಳಿಗೆ ಪುಕ್ಕಟೆ ಪ್ರವೇಶ. ನಾವಿಬ್ಬರೂ ಹೊರಟೆವು. ಕೊಯೊಆಕಾನ್‌ನಲ್ಲಿ ಕಲ್ಲು ಹಾಸಿನ ರಸ್ತೆ, ಬಣ್ಣದ ಗೋಡೆ, ಗೋಡೆಯಾಚೆಯಿಂದ ಬಗ್ಗಿದ ಹೂಬಳ್ಳಿ. ನಾಯಿಗಳೂ ಅಲ್ಲಿ ಸ್ನಾನ ಮಾಡಿದಂತೆ ಕಾಣುತ್ತವೆ. ಚೌಕದ ಹಿಂದಿನ ಹಳದಿ ಕಟ್ಟಡವೇ ಜನಪದ ಕಲೆಗಳ ಸಂಗ್ರಹಾಲಯ. ಡೊಮಿತಿಲಾ ಹುಟ್ಟಿದ ಮೇಲೆ ಅಂಥದ್ದೊಂದರ ಒಳಗೆ ಕಾಲಿಟ್ಟವಳಲ್ಲ. ಬಾಗಿಲಲ್ಲಿ ಸಮವಸ್ತ್ರದ ಕಾವಲುಗಾರನನ್ನು ಕಂಡು ಚೀಲ ತೆರೆದು ತೋರಿಸಿದಳು. ಅವನು ಕೇಳಿರಲೇ ಇಲ್ಲ.

ಎರಡನೇ ಕೋಣೆಯಲ್ಲಿ ನಮ್ಮ ಜೂದಾಸನಿದ್ದ. ಮೇಲಿನಿಂದ ದೀಪ ಬಿಟ್ಟಿದ್ದರು. ನಮ್ಮ ಹಿತ್ತಿಲ ಕತ್ತಲಲ್ಲಿ ಕಂಡದ್ದಕ್ಕಿಂತ ಅಲ್ಲಿ ಅವನು ಹತ್ತು ಪಾಲು ಚಾತೋನೇ ಆಗಿದ್ದ. ಹಲ್ಲು ಮಿಂಚುತ್ತಿತ್ತು. ಕಾಲಬುಡದಲ್ಲಿ ಒಂದು ಫಲಕ: ಡೊಮಿತಿಲಾ ಶೊಲಾಲ್ಪ, ಮೆರ್ಸೆದ್ ಬಡಾವಣೆ, ಮೆಕ್ಸಿಕೊ ನಗರ.

ಡೊಮಿತಿಲಾ ಅದನ್ನು ಎರಡು ಸಲ ಓದಿದಳು. "ಹೆಸ್ರು, ಬಡಾವಣೆ ಎಲ್ಲಾ ಬರ್ದಿದಾರಲ್ಲೇ ಇರ್ಮಾ. ಮನೆ ಬೀಗದ ಕೈ ಒಂದು ನೇತುಹಾಕಿಲ್ಲ."

ನನಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡೆ. ಡೊಮಿತಿಲಾಳನ್ನು ತೋರಿಸಿ, ಇವರ ಹೆಸರು ತೆಗೆಯಲು ಸಾಧ್ಯವೇ ಎಂದು ಕಾವಲುಗಾರನನ್ನು ಕೇಳಿದೆ. ಅವನ ಹೆಸರು ನಾಬೋರ್. ದಪ್ಪ ಹೊಟ್ಟೆಯ, ಬಾಯಿತುಂಬ ಮಾತಿನ ಮನುಷ್ಯ. "ಎಲ್ರೂ ಹೆಸ್ರು ಹಾಕಿ ಹೆಸ್ರು ಹಾಕಿ ಅಂತ ದುಂಬಾಲು ಬೀಳ್ತಾರೆ, ನೀವೇನು ತೆಗೀರಿ ಅಂತೀರಿ? ಏನಮ್ಮಾ, ಕದ್ದ ಗೊಂಬೆನಾ?" ಎಂದು ಗಟ್ಟಿಯಾಗಿ ನಕ್ಕ. ಡೊಮಿತಿಲಾ ನನ್ನನ್ನು ಎಳೆದುಕೊಂಡು ಹೊರಗೆ ಬಂದಳು.

ಅಲ್ಲಿಂದ ಪ್ರತಿ ಭಾನುವಾರ ನಮ್ಮದು ಅದೇ ಪಾಡಾಯಿತು. ನೋಡದೆ ಇದ್ದರೆ ಅವಳಿಗೆ ನಿದ್ದೆ ಬಾರದು, ನೋಡಿದರೆ ಊಟ ಸೇರದು. ಗೊಂಬೆಯ ಮುಂದೆ ನಿಂತವರ ಮುಖವನ್ನೇ ಅವಳು ನೋಡುತ್ತಿದ್ದಳು. ಯಾರಾದರೂ ತುಸು ಹೆಚ್ಚು ಹೊತ್ತು ನಿಂತರೆ, ಯಾರಾದರೂ ಫೋಟೊ ತೆಗೆದರೆ, ಅವಳ ಕೈ ತಣ್ಣಗಾಗುತ್ತಿತ್ತು. "ಅವನು ನಮ್ಮ ಕಡೆಯೋನೇ ಇರಬೇಕು, ಶೂ ನೋಡು" ಎಂದು ಪಿಸುಗುಡುತ್ತಿದ್ದಳು.

ನಾಬೋರನಿಗೆ ಅನುಮಾನ ಬಂದೀತೆಂದು ಬೇರೆ ಸಂಗ್ರಹಾಲಯಗಳಿಗೂ ಹೋಗತೊಡಗಿದೆವು. ಬೆಳಿಗ್ಗೆ ಒಂದು, ಆಮೇಲೆ ನಮ್ಮ ಗೊಂಬೆ, ಆಮೇಲೆ ಇನ್ನೊಂದು. ಎಲ್ಲೆಲ್ಲಿ ನೋಡಿ ಬಂದೆವೆಂದು ಅವನಿಗೆ ಹೇಳುತ್ತಿದ್ದೆವು, ಕಲಾಸಕ್ತ ಹೆಂಗಸರು ಎಂದುಕೊಳ್ಳಲಿ ಅಂತ. ಸತ್ತ ಚಿತ್ರಕಾರನೊಬ್ಬನ ಮನೆಯಲ್ಲಿ ಅವನ ಮಂಚ, ಕನ್ನಡಕ, ಚಪ್ಪಲಿಗಳನ್ನು ಹಾಗೆಯೇ ಇಟ್ಟಿದ್ದರು. "ಮನೆಯೋರು ಬಂದ್ರೆ ಏನ್ ಹೇಳೋದು?" ಎಂದು ಅವಳು ಬಾಗಿಲಲ್ಲೇ ನಿಂತಳು. ಮುಖವಾಡಗಳ ಕೋಣೆಗೆ ಕಣ್ಣು ಮುಚ್ಚಿಕೊಂಡು ಬಂದಳು, ನಾನು ಕೈಹಿಡಿದು ನಡೆಸಿದೆ. ತೋಟದ ನಡುವಿನ ನೀರುಬಣ್ಣದ ಚಿತ್ರಗಳ ಮನೆಯೊಂದರಲ್ಲಿ ಮಾತ್ರ ಅವಳ ಹಿಡಿತ ಸಡಿಲವಾಗುತ್ತಿತ್ತು. ಅಲ್ಲಿ ಹಗ್ಗದ ಮೇಲೆ ಒಣಗುವ ಬಟ್ಟೆಗಳ ಒಂದು ಸಣ್ಣ ಚಿತ್ರವಿತ್ತು. "ಬಿಳೀ ಬಣ್ಣ ಹಚ್ಚೇ ಇಲ್ಲ ನೋಡು, ಕಾಗದಾನೇ ಬಿಟ್ಟಿದಾನೆ" ಎಂದು ಅದರ ಮುಂದೆ ನಿಂತುಬಿಡುತ್ತಿದ್ದಳು. ಹಾಗೆ ನಿಂತಾಗ ಅವಳ ಉಸಿರು ಸರಾಗವಾಗಿ ಆಡುವುದು ನನಗೆ ಕೇಳಿಸುತ್ತಿತ್ತು.

ಮಳೆಗಾಲ ಮುಗಿದು, ಸತ್ತವರ ಹಬ್ಬಕ್ಕೆ ಚೆಂಡುಹೂವಿನ ರಾಶಿ ಬೀಳುವ ಕಾಲ ಬಂತು. ಆ ಭಾನುವಾರ ನಾವು ಎರಡನೇ ಕೋಣೆಯ ಒಳಮೂಲೆಯಲ್ಲಿದ್ದೆವು. ಅಲ್ಲಿ ಮಣ್ಣಿನಲ್ಲಿ ಮಾಡಿದ ಆಳೆತ್ತರದ ಒಂದು ಮರವಿದೆ. ಕೊಂಬೆಕೊಂಬೆಗೂ ದೇವತೆಗಳು, ಹಕ್ಕಿಗಳು, ಆದಾಮ, ಹವ್ವ. ಅದರ ಸಂದಿಯಿಂದ ನಾನು ಬಾಗಿಲ ಕಡೆ ನೋಡಿದೆ. ಕಂದು ಚರ್ಮದ ಜಾಕೀಟು ಒಳಗೆ ಬಂತು.

ಚಾತೋ ಒಬ್ಬನೇ ಇರಲಿಲ್ಲ. ಎರಡು ಜಡೆಯ, ಏಳೆಂಟು ವರ್ಷದ ಹುಡುಗಿಯೊಬ್ಬಳು ಅವನ ಬೆರಳು ಹಿಡಿದು ಎಳೆದುಕೊಂಡು ಬರುತ್ತಿದ್ದಳು. ಶಾಲೆಯಲ್ಲಿ ಸಂಗ್ರಹಾಲಯ ನೋಡಿ ಬಂದು ಚಿತ್ರ ಬರೆಯಲು ಹೇಳುತ್ತಾರಲ್ಲ, ಆ ಹೋಂವರ್ಕ್ ಇರಬೇಕು. ಡೊಮಿತಿಲಾ ಇನ್ನೂ ನೋಡಿರಲಿಲ್ಲ. ನಾನು ಅವಳ ತಲೆ ಬಗ್ಗಿಸಿ ಮಣ್ಣಿನ ಮರದ ಹಿಂದಕ್ಕೆ ತಳ್ಳಿದೆ. ಆ ಕೋಣೆಗೆ ಇರುವುದು ಒಂದೇ ಬಾಗಿಲು. ಬಾಗಿಲಿಗೂ ನಮಗೂ ನಡುವೆ ಅವನು.

"ಪಪ್ಪಾ!" ಹುಡುಗಿ ಕೂಗಿದಳು. "ಪಪ್ಪಾ, ನೋಡಿಲ್ಲಿ! ನೀನೇ!"

ಕೋಣೆಯಲ್ಲಿದ್ದ ಒಂದಿಬ್ಬರು ತಿರುಗಿ ನೋಡಿದರು. ಒಬ್ಬಾಕೆ ಕಿಸಕ್ಕನೆ ನಕ್ಕಳು. ಗೊಂಬೆಯನ್ನು ನೋಡಿ, ಅವನನ್ನು ನೋಡಿ, ನಗು ನಿಲ್ಲಿಸಿ ಹೊರಗೆ ಹೋದಳು.

ಚಾತೋ ಗೊಂಬೆಯ ಮುಂದೆ ನಿಂತ. ಅವನ ನಾಲಿಗೆ ತುಟಿಯೊಳಗೆ ಬಂಗಾರದ ಹಲ್ಲನ್ನು ಸವರಿದ್ದು ಹೊರಗಿನಿಂದಲೇ ಕಾಣಿಸಿತು. ಆಮೇಲೆ ಬಗ್ಗಿ ಫಲಕ ಓದಿದ. ಓದುವಾಗ ಅವನ ತುಟಿಗಳು ಅಲುಗುತ್ತಿದ್ದವು. ನನ್ನ ಪಕ್ಕದಲ್ಲಿ ಡೊಮಿತಿಲಾ ಮಣಮಣ ಪ್ರಾರ್ಥನೆ ಶುರು ಮಾಡಿದಳು. ಅವಳ ಬಾಯಿಗೆ ಅಂಗೈ ಒತ್ತಿದೆ.

"ನಾನಿದನ್ನೇ ಬರೀತೀನಿ" ಎಂದು ಹುಡುಗಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು.

"ಬೇರೆ ಏನಾದ್ರೂ ಬರಿ ಯಾರೆಟ್ಸಿ. ಆ ಕುದುರೆ ನೋಡು, ಚೆನ್ನಾಗಿದೆ."

"ಊಹೂಂ. ಇದೇ. ಪಪ್ಪಾ, ಕೆಂಪು ಕೊಡು."

ನಮ್ಮ ಓಣಿಯನ್ನೇ ನಡುಗಿಸುವವನು ಬಣ್ಣದ ಕಡ್ಡಿಗಳ ಡಬ್ಬಿ ಹಿಡಿದು ನಿಂತ. ಅವಳು ಕೆಂಪು ಎಂದರೆ ಕೆಂಪು, ಕಂದು ಎಂದರೆ ಕಂದು ಆಯ್ದು ಕೊಟ್ಟ. ಅವಳಿಗೆ ಅವಸರವೇ ಇರಲಿಲ್ಲ. ಕೊಂಬು ಓರೆಯಾಯಿತೆಂದು ಅಳಿಸಿ ಮತ್ತೆ ಬರೆದಳು. ಮರದ ಹಿಂದೆ ಬಗ್ಗಿ ಕೂತು ನನ್ನ ಮೊಣಕಾಲು ಜೋಮು ಹಿಡಿದಿತ್ತು. ಡೊಮಿತಿಲಾಳ ಮೂಗಿನ ತುದಿಯಿಂದ ಬೆವರು ಇಳಿದು ನನ್ನ ಕೈಮೇಲೆ ಬಿತ್ತು. ಇನ್ನೇನು ಹುಡುಗಿ ಎದ್ದಳು, ಬಟ್ಟೆ ಕೊಡವಿಕೊಂಡಳು, ಹೊರಟೇಬಿಟ್ಟರು ಎನ್ನುವಾಗ ನಾಬೋರ್ ಬಾಗಿಲಲ್ಲಿ ಕಾಣಿಸಿಕೊಂಡ.

"ಏನ್ ಡೋಮಿಯಮ್ಮಾ, ಮರದ ಹಿಂದೆ ಏನ್ ಮಾಡ್ತಿದೀರಿ? ಇವತ್ತು ನಿಮ್ಮ ಗೊಂಬೆಗೆ ಒಳ್ಳೇ ಅಭಿಮಾನಿ ಸಿಕ್ಕಿದಾಳೆ! ಏ ಪುಟ್ಟಿ, ಇದನ್ನ ಮಾಡಿದೋರು ಇವರೇ ಕಣಮ್ಮ."

ಚಾತೋ ತಿರುಗಿದ.

ಡೊಮಿತಿಲಾ ಎದ್ದು ನಿಂತಳು. ಹೇಗೆ ನಿಂತಳೋ ನನಗೆ ಇವತ್ತಿಗೂ ತಿಳಿಯದು, ನನಗಂತೂ ಏಳಲಾಗಲಿಲ್ಲ. ಹುಡುಗಿ ಓಡಿ ಬಂದು ಅವಳ ಮುಂದೆ ನಿಂತಳು. "ನೀವು ಮಾಡಿದ್ದಾ? ನಮ್ಮಪ್ಪನ ಥರ ಯಾಕಿದೆ?"

"ಇಲ್ಲ ಮಗಾ. ಪಿಶಾಚಿ ಅದು."

"ಹಲ್ಲಿದೆಯಲ್ಲ!"

ಚಾತೋ ಮಗಳ ಹಿಂದೆ ಬಂದು ನಿಂತು, "ಹೇಳಿ ಯಜಮಾನಿ, ಮಗು ಕೇಳ್ತಿದೆ" ಎಂದ. ಅದೇ ಮರ್ಯಾದೆಯ ದನಿ. ನಗು ಮಾತ್ರ ಇರಲಿಲ್ಲ.

"ನಿಮ್ಮಪ್ಪ ನಮ್ಮ ಓಣಿಗೆ ಬರ್ತಾರೆ ಮಗಾ. ಮುಖ ನೆನಪಲ್ಲಿತ್ತು" ಎಂದಳು ಡೊಮಿತಿಲಾ.

"ಯಾಕೆ ಬರ್ತೀಯಾ ಪಪ್ಪಾ?"

"ಕೆಲಸ ಇರುತ್ತೆ." ಅವನು ಡಬ್ಬಿಯ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡ. ಆಮೇಲೆ ಡೊಮಿತಿಲಾಳ ಕಿವಿಯ ಹತ್ತಿರ ಬಗ್ಗಿ, "ಶುಕ್ರವಾರ ಮಾತಾಡೋಣ" ಎಂದ.

ಶುಕ್ರವಾರದವರೆಗೆ ನಾವು ಬದುಕಿದ್ದೆವೆಂದು ಹೇಳಲಾರೆ. ನನ್ನ ಗಂಡ ಮಿನಿಬಸ್ ತಂದು ಓಣಿಯ ತುದಿಗೆ ನಿಲ್ಲಿಸಿ, "ತ್ಲಾಶ್ಕಾಲಾದಲ್ಲಿ ಅತ್ತೆ ಮನೆ ಇದೆ, ಎಲ್ರೂ ಹತ್ತಿ" ಎಂದ. ಡೊಮಿತಿಲಾ ಬಟ್ಟೆ ಗಂಟು ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. "ಹೋದ್ರೆ ಅಂಗಡಿ ಸುಡ್ತಾನೆ. ವಠಾರದಲ್ಲಿ ಮಕ್ಕಳಿದಾವೆ" ಎಂದಳು. ಕೊನೆಗೆ ಗಂಡನ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಅವನು ಮೊದಲು ನಕ್ಕ, ಕಣ್ಣಲ್ಲಿ ನೀರು ಬರುವಷ್ಟು. "ಹಲ್ಲೂ ಹಾಕಿದ್ಯಾ? ಚಾಕೊಲೇಟ್ ಕಾಗದದ್ದು?" ಎಂದು ಕೇಳಿದ. ಆಮೇಲೆ ಎದ್ದು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡ.

ಶುಕ್ರವಾರ ಬೆಳಗಿನಿಂದಲೇ ಫಿಲೆಮೋನ್ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತ. ನನಗೆ ಮನೆಗೆ ಹೋಗು ಎಂದರು, ಹೋಗಲಿಲ್ಲ. ಚಾತೋ ಒಬ್ಬನೇ ಬಂದ. ಒಳಗೆ ಕಾಲಿಟ್ಟು ಷಟರನ್ನು ಅರ್ಧಕ್ಕೆ ಎಳೆದ. ಆ ಕಿರುಗುಟ್ಟುವ ಸದ್ದಿಗೆ ಫಿಲೆಮೋನನ ಬಲಗೈ ತಾನಾಗಿಯೇ ಕಂಕುಳ ಸೇರಿತು. ಅದನ್ನು ಚಾತೋ ನೋಡಿದ.

"ಶಾಲೇಲಿ ಟೀಚರ್ ಹೇಳಿಬಿಟ್ಟಿದಾರೆ" ಎಂದ. "ಜೂದಾಸ್ ಅಂದ್ರೇನು, ಅದನ್ನೇನ್ ಮಾಡ್ತಾರೆ, ಎಲ್ಲಾ. ಅವತ್ತಿಂದ ನನ್ನ ಮಗಳು ಊಟ ಬಿಟ್ಟಿದಾಳೆ. ರಾತ್ರಿ ಎದ್ದು ಕೂತು, ಪಪ್ಪನ್ನ ಸುಡ್ತಾರೆ, ಪಪ್ಪನ್ನ ಸುಡ್ತಾರೆ ಅಂತ ಅಳ್ತಾಳೆ."

ಡೊಮಿತಿಲಾ ಗಂಡನ ಕುರ್ಚಿಯ ಹಿಂದೆ ಬಂದು ನಿಂತಳು.

"ಸುಡ್ತೀರಾ?"

"ಅದೀಗ ಅವರದ್ದು" ಎಂದಳು ಡೊಮಿತಿಲಾ. "ಮ್ಯೂಸಿಯಂದು."

"ನಾನು ನಿಮ್ಮನ್ನ ಕೇಳ್ತಿರೋದು. ಮಾಡಿದೋರು ನೀವು." ಅವನು ಒಂದು ಹೆಜ್ಜೆ ಮುಂದೆ ಬಂದ. ಅವನ ಹಣೆಯ ಮೇಲೆ ಬೆವರಿತ್ತು. "ನಮ್ಮಜ್ಜಿ ಹೇಳ್ತಿದ್ಲು, ಬದುಕಿರೋನ ಮುಖ ಮಾಡಿ ಸುಟ್ರೆ ಆ ವರ್ಷ ದಾಟಲ್ಲ ಅವನು ಅಂತ. ಹೇಳಿ. ಸುಡಲ್ಲ ಅಂತ ತಾಯಿ ಮೇಲೆ ಆಣೆ ಮಾಡಿ."

ಗೋಡೆಯಲ್ಲಿ ಗ್ವಾದಲೂಪೆ ತಾಯಿಯ ಪಟವಿತ್ತು. ಡೊಮಿತಿಲಾ ಅದರ ಮೇಲೆ ಅಂಗೈಯಿಟ್ಟು ಆಣೆ ಮಾಡಿದಳು. ಚಾತೋ ಶಿಲುಬೆ ಗುರುತು ಹಾಕಿಕೊಂಡ. "ಅದು ಅಲ್ಲಿರೋವರೆಗೂ ನಾನು ಈ ಹೊಸ್ತಿಲು ತುಳಿಯಲ್ಲ" ಎಂದು ಬಗ್ಗಿ ಷಟರಿನಡಿಯಿಂದ ಹೊರಗೆ ಹೋದ.

ಅವನು ಮಾತಿಗೆ ತಪ್ಪಲಿಲ್ಲ. ಓಣಿಯಲ್ಲಿ ಎಲ್ಲರ ಅಂಗಡಿಗೂ ಹೋಗುತ್ತಿದ್ದ, ಇವರದ್ದನ್ನು ದಾಟಿಕೊಂಡು ಮುಂದೆ ನಡೆಯುತ್ತಿದ್ದ. ಅಕ್ಕಪಕ್ಕದವರ ಕಣ್ಣು ಕೆಂಪಾಯಿತು. "ಏನ್ ಡೋಮಿ, ಅಳಿಯ ಮಾಡ್ಕೊಂಡ್ಯಾ ಅವನನ್ನ?" ಎಂದು ಮೇಣದಬತ್ತಿ ಅಂಗಡಿಯವಳು ಚುಚ್ಚಿದಳು.

ಡೊಮಿತಿಲಾಳ ಹೆದರಿಕೆ ಮಾತ್ರ ದುಪ್ಪಟ್ಟಾಯಿತು. ಮೊದಲು ಆ ಗೊಂಬೆ ಹಾಳಾಗಿ ಹೋಗಲಿ ಎಂದು ಮೊರೆಯಿಡುತ್ತಿದ್ದವಳು, ಈಗ ಅದಕ್ಕೇನೂ ಆಗದಿರಲಿ ಎಂದು ಹರಕೆ ಹೊರತೊಡಗಿದಳು. ಪೇಪರಿನ ಮೈ, ಮೈದಾದ ಅಂಟು, ಹುಳು ಹಿಡಿದರೆ? ತೇವ ಬಂದರೆ? ಯಾರಾದರೂ ಸಿಗರೇಟು ಎಸೆದರೆ? ಒಂದು ಸಲ ನೆಲ ಸಣ್ಣಗೆ ನಡುಗಿ ನಾವೆಲ್ಲ ಬೀದಿಗೆ ಓಡಿ ಬಂದಾಗ ಅವಳು ಗಂಡನನ್ನು ಹುಡುಕುವ ಮುಂಚೆ, "ಅದು ಬಿದ್ದಿರುತ್ತಾ ಇರ್ಮಾ?" ಎಂದು ಕೇಳಿದಳು. ಮಳೆಗಾಲದಲ್ಲಿ ಆ ಕೋಣೆಯ ಮಾಡು ಸೋರಿ ಗೊಂಬೆಯ ಭುಜದ ಮೇಲೆ ಹನಿ ಬಿದ್ದ ಕಲೆ ಕಂಡು ಅವಳು ನಾಬೋರನ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. ಪಾಪ, ಅವನು ಕಲೆಯ ಮೇಲಿನ ಪ್ರೀತಿ ಎಂದುಕೊಂಡು ಅವತ್ತೇ ಗೊಂಬೆಯನ್ನು ಈಚೆ ಗೋಡೆಗೆ ಸರಿಸಿ ನಿಲ್ಲಿಸಿದ.

ಎರಡು ವರ್ಷವಾದ ಮೇಲೆ ಒಂದು ಶುಕ್ರವಾರ ಚಾತೋ ಓಣಿಗೆ ಬರಲಿಲ್ಲ. ಮುಂದಿನ ವಾರ ಮೋಟರ್‌ಸೈಕಲ್ಲಿನಲ್ಲಿ ಇಬ್ಬರು ಬಂದರು. ತಲೆಗೆ ಕಪ್ಪು ಹೆಲ್ಮೆಟ್ಟು, ಗಾಜು ಇಳಿಸಿದ್ದು. "ಇನ್ಮೇಲೆ ನಾವು" ಎಂದರು. ಚಾತೋನನ್ನು ಇಸ್ತಪಲಾಪ ಕಡೆ ಕಾರಿನಲ್ಲೇ ಗುಂಡು ಹಾಕಿ ಕೊಂದರೆಂದು ಆಮೇಲೆ ತಿಳಿಯಿತು. ಹೊಸಬರು ಯಾರ ಹೊಸ್ತಿಲನ್ನೂ ಬಿಡಲಿಲ್ಲ.

ಓಣಿಯವರು ಒಳಗೊಳಗೇ ಹಿಗ್ಗಿದರು. ಡೊಮಿತಿಲಾ ಮಂಕಾದಳು. "ನಾನೇ ಕೊಂದೆ ಕಣೇ" ಎಂದಳು.

"ಹುಚ್ಚಾ ಅಕ್ಕಾ ನಿಂಗೆ? ಆಣೆಗೆ ತಪ್ಪಿಲ್ಲ ನೀನು. ಗೊಂಬೆ ಅಲ್ಲೇ ಇದೆ."

"ಭುಜಕ್ಕೆ ನೀರು ಬಿದ್ದಿತ್ತಲ್ಲ. ಅವನಿಗೆ ಗುಂಡು ಎಲ್ಲಿ ಬಿದ್ದಿದ್ದು? ಕೇಳಿದ್ಯಾ ನೀನು?"

ನಾನು ಕೇಳಿರಲಿಲ್ಲ, ಕೇಳಲೂ ಇಲ್ಲ.

ಆಮೇಲೆ ಬಹಳ ದಿನ ಅವಳು ಕೊಯೊಆಕಾನ್ ಕಡೆ ಹೋಗಲಿಲ್ಲ. ಹೋಗೋಣ ಎಂದು ಅವಳೇ ಬಾಯಿಬಿಟ್ಟ ದಿನ ನಾವು ಹೋದಾಗ ಗೊಂಬೆಯ ಮುಂದಿನ ಬೆಂಚಿನಲ್ಲಿ ಚಾತೋನ ಮಗಳು ಯಾರೆಟ್ಸಿ ಕೂತಿದ್ದಳು. ಉದ್ದವಾಗಿದ್ದಳು. ಜಡೆ ಒಂದೇ ಆಗಿತ್ತು. ಅವಳ ಅಜ್ಜಿಯಿರಬೇಕು, ಕಪ್ಪು ಶಾಲಿನ ಮುದುಕಿಯೊಬ್ಬಳು ಅಂಗಳದಲ್ಲಿ ತೂಕಡಿಸುತ್ತಿದ್ದಳು. ಹುಡುಗಿ ಪ್ರತಿವಾರ ಬರುತ್ತಾಳೆಂದು ನಾಬೋರ್ ಪಿಸುಮಾತಿನಲ್ಲಿ ಹೇಳಿದ. ಅವನಿಗೂ ಈಗ ಎಲ್ಲ ತಿಳಿದಿತ್ತು. "ಮನೇಲಿದ್ದ ಫೋಟೊನೆಲ್ಲಾ ಅವರಮ್ಮ ಸುಟ್ಟುಹಾಕಿದಾಳಂತೆ, ಯಾರಾದ್ರೂ ಹುಡುಕಿಕೊಂಡು ಬಂದಾರು ಅಂತ. ಈ ಮಗೂಗೆ ಅಪ್ಪನ ಮುಖ ಅಂತ ಇರೋದು ಇದೊಂದೇ."

ಡೊಮಿತಿಲಾ ಹಿಂದೆ ಸರಿದಳು. ಚಾತೋ ಬಂದ ದಿನ ಎದ್ದು ನಿಂತವಳು ಇವತ್ತು ಬಾಗಿಲ ಚೌಕಟ್ಟಿಗೆ ಅಂಟಿಕೊಂಡಳು. ಅಷ್ಟರಲ್ಲಿ ಹುಡುಗಿ ನೋಡಿಬಿಟ್ಟಳು.

"ನಿಮ್ಮನ್ನೇ ಕಾಯ್ತಿದ್ದೆ" ಎಂದಳು. "ಒಂದು ಕೇಳ್ಬೇಕಿತ್ತು. ನಮ್ಮಪ್ಪ ನಿಮಗೇನಾದ್ರೂ ಮಾಡಿದ್ರಾ?"

ನಾನು ಡೊಮಿತಿಲಾಳ ಶಾಲಿನ ತುದಿ ಜಗ್ಗಿದೆ. ಏನೂ ಇಲ್ಲ ಎಂದು ಹೇಳಿ ಹೊರಟುಬಿಡು ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ಶಾಲು ಬಿಡಿಸಿಕೊಂಡಳು.

"ನನ್ನ ಗಂಡನ ಬೆರಳು ಮುರಿದ" ಎಂದಳು. "ಎರಡು."

ಹುಡುಗಿ ಗೊಂಬೆಯನ್ನು ನೋಡಿದಳು. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡಳು.

"ಆದ್ರೂ ನಾನು ಇಲ್ಲಿ ಬಂದು ನೋಡಬಹುದಾ?"

"ಬಾ ಮಗಾ" ಎಂದಳು ಡೊಮಿತಿಲಾ. "ಯಾರು ಬೇಡ ಅಂತಾರೆ."

ಇಷ್ಟೇ ಮಾತು. ಅವರಿಬ್ಬರೂ ತಬ್ಬಿಕೊಳ್ಳಲಿಲ್ಲ, ಸ್ನೇಹವೂ ಬೆಳೆಯಲಿಲ್ಲ. ಭಾನುವಾರಗಳಲ್ಲಿ ಎದುರಾದರೆ ಹುಡುಗಿ ತಲೆಬಾಗಿಸುತ್ತಾಳೆ, ಇವಳೂ ತಲೆಬಾಗಿಸುತ್ತಾಳೆ. ಅವಳು ಬೆಂಚಿನಲ್ಲಿ ಕೂತಷ್ಟು ಹೊತ್ತೂ ನಾವು ಬೇರೆ ಕೋಣೆಗಳಲ್ಲಿ ಸುತ್ತುತ್ತೇವೆ. "ದೊಡ್ಡೋಳಾದ ಮೇಲೆ ಏನ್ ಅಂದ್ಕೋತಾಳೋ" ಎಂದು ದಾರಿಯುದ್ದಕ್ಕೂ ಡೊಮಿತಿಲಾ ಕೊರಗುತ್ತಾಳೆ. ಕಳೆದ ವರ್ಷ ಮೇಡಂ ಕರೆಸಿ, ಹಳೇ ಗೊಂಬೆಗಳನ್ನು ಬದಲಾಯಿಸುತ್ತಿದ್ದೇವೆ, ನಿಮ್ಮದನ್ನು ಹಬ್ಬಕ್ಕೆ ಅಂಗಳದಲ್ಲಿ ಸಿಡಿಸೋಣವೇ, ಜನ ಸೇರುತ್ತಾರೆ ಎಂದರು. ಡೊಮಿತಿಲಾ ಅವರ ಮೇಜಿನ ಅಂಚು ಹಿಡಿದು, ಬೇಡ ಎಂದಳು. ಅದು ಇದ್ದ ಜಾಗದಲ್ಲೇ ಇದೆ.

ಈ ವರ್ಷವೂ ಉಪವಾಸದ ದಿನಗಳು ಬಂದಿವೆ. ಫಿಲೆಮೋನ್ ಎಡಗೈಯಲ್ಲಿ ಜೊಂಡು ಬಗ್ಗಿಸುವುದನ್ನು ಕಲಿತಿದ್ದಾನೆ; ಗೊಂಬೆಗಳು ಸ್ವಲ್ಪ ಓರೆಯಾಗಿ ನಿಲ್ಲುತ್ತವೆ, ಕೊಳ್ಳುವವರು ಅದನ್ನೇ ಚಂದ ಎನ್ನುತ್ತಾರೆ. ಮೊನ್ನೆ ಸಂಜೆ ನಾನು ಅವಳ ಜೊತೆ ಕೂತು ಪೇಪರ್ ಹರಿಯುತ್ತಿದ್ದೆ. ಗೋಡೆಗೆ ಒರಗಿ ನಿಂತಿದ್ದ ಜೂದಾಸರೆಲ್ಲರಿಗೂ ಒಂದೇ ದುಂಡು ಮುಖ, ಒಂದೇ ಮೀಸೆ. ಲೋಕದಲ್ಲಿ ಯಾರನ್ನೂ ಹೋಲುವುದಿಲ್ಲ.

"ಅಕ್ಕಾ, ಒಂದಕ್ಕೆ ಹೆಲ್ಮೆಟ್ ಹಾಕಿ ಮಾಡೋಣ್ವಾ?" ಎಂದೆ ತಮಾಷೆಗೆ.

"ಬಾಯ್ ಮುಚ್ಚೇ! ಯಾರಾದ್ರೂ ಕೇಳಿಸ್ಕೊಂಡಾರು." ಅವಳು ಅಂಟಿನ ಕೈಯಲ್ಲೇ ಎದ್ದು ಹೋಗಿ ಷಟರಿನಡಿಯಿಂದ ಓಣಿ ನೋಡಿದಳು. ಅಷ್ಟರಲ್ಲಿ ಕಿವಿ ತೂತಾಗುವ ಹಾಗೆ ಒಂದು ಸಿಳ್ಳು ಎದ್ದಿತು. ಅವಳು ಎದೆ ಹಿಡಿದುಕೊಂಡು ಅಲ್ಲೇ ಕುಸಿದು ಕೂತಳು. ಬೇಯಿಸಿದ ಸಿಹಿಗೆಣಸಿನ ಗಾಡಿಯವನು, ಗಾಡಿಯ ಕೊಳವೆಯಿಂದ ಹಬೆಯ ಸಿಳ್ಳು ಬಿಡುತ್ತ ತಿರುವಿನಲ್ಲಿ ಬರುತ್ತಿದ್ದ.

"ಹಾಳಾದೋನು" ಎಂದಳು ಉಸಿರು ತಿರುಗಿದ ಮೇಲೆ. "ಕರಿ ಅವನನ್ನ. ನಿಮ್ಮ ಭಾವಂಗೆ ಇಷ್ಟ."